ಹುಂಜ ತೂಕಡಿಸ್ತಿದೆಯಾ? ಔಷಧಿ ಹುಡುಕೋ ಮುಂಚೆ ಅರ್ಧ ಗಂಟೆ ಹೀಗೆ ನೋಡಿ

ಬೆಳಗಿನ ಜಾವ ಕೂಗಬೇಕಾದ ಹುಂಜ ಕೂಗಿಲ್ಲ. ಗೂಡಿನ ಬಾಗಿಲು ತೆಗೆದರೆ ಹೇಟೆಗಳೆಲ್ಲ ತಿಪ್ಪೆ ಕಡೆ ಓಡಿದವು, ಇದು ಮಾತ್ರ ಮೂಲೆಯಲ್ಲಿ ಪುಕ್ಕ ಉಬ್ಬಿಸಿಕೊಂಡು, ಕಣ್ಣು ಅರೆ ಮುಚ್ಚಿ ನಿಂತಿದೆ. ಇಂಥ ಹೊತ್ತಿನಲ್ಲಿ ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಮೂರು ಕೆಲಸ ನಡೆಯುತ್ತವೆ. ಒಂದು, ಮನೆಯಲ್ಲಿ ಯಾರಿಗೋ ಜ್ವರ ಬಂದಾಗ ತಂದು ಉಳಿದ ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಕಲಸಿ ಕುಡಿಸೋದು. ಎರಡು, ಬೆಳ್ಳುಳ್ಳಿ, ಅರಿಶಿನ, ಮೆಣಸು ಅರೆದು ಉಂಡೆ ನುಂಗಿಸೋದು. ಮೂರು, "ಸತ್ತು ಹೋಗೋದಕ್ಕಿಂತ ಮುಂಚೆ ಸಾರು ಮಾಡಿಬಿಡೋಣ" ಅಂತ ಚೂರಿ ತರೋದು, ಇಲ್ಲವೇ ಅವತ್ತೇ ಸಂತೆಗೆ ಹೊತ್ತುಕೊಂಡು ಹೋಗೋದು.

ಈ ಮೂರರಲ್ಲಿ ಕೊನೆಯದ್ದು ನಿಜಕ್ಕೂ ಅಪಾಯ. ಎರಡೂವರೆ ಕೆ.ಜಿ. ತೂಗುವ ನಾಟಿ ಹುಂಜ ಹೊಸತೊಡಕಿನ ಹೊತ್ತಿಗೆ ಸಾವಿರ ರೂಪಾಯಿ ದಾಟುತ್ತೆ, ಆ ದುಡ್ಡು ಬಹಳ ಮನೆಗಳಲ್ಲಿ ಅಮ್ಮನದ್ದೋ ಅಜ್ಜಿಯದ್ದೋ ಕೈಖರ್ಚು. ಅದು ಹೋಗುತ್ತೆ ಅನ್ನೋ ಸಂಕಟ ಅರ್ಥವಾಗುತ್ತೆ. ಆದರೆ ಹುಂಜಕ್ಕೆ ಬಂದಿರೋದು ಅಂಟುರೋಗವಾಗಿದ್ದರೆ ಹೋಗೋದು ಒಂದು ಹುಂಜ ಅಲ್ಲ, ಬೀದಿಯ ಅಷ್ಟೂ ಕೋಳಿ. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ "ಯಾವ ಔಷಧಿ?" ಅನ್ನೋದಲ್ಲ. "ಇದು ಈ ಹುಂಜಕ್ಕೆ ಮಾತ್ರ ಬಂದ ಕಾಯಿಲೆಯಾ, ಇಲ್ಲಾ ಊರಿಗೆ ಬಂದ ಕಾಯಿಲೆಯಾ?" ಅನ್ನೋದು. ಕೆಳಗೆ ಬರೆದಿರೋದೆಲ್ಲ ಈ ಒಂದು ಪ್ರಶ್ನೆಗೆ ಉತ್ತರ ಹುಡುಕೋ ದಾರಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ಕೋಳಿ ತನ್ನ ಕಾಯಿಲೆ ಬಚ್ಚಿಡುತ್ತೆ. ಮಂಕಾಗಿ ಕಂಡರೆ ಹದ್ದು, ನಾಯಿ ಹಿಡಿಯುತ್ತವೆ, ಜೊತೆಯ ಕೋಳಿಗಳೇ ಕುಕ್ಕುತ್ತವೆ. ಹುಂಜವಂತೂ ಮೆರೆಯೋದನ್ನ ಕೊನೆವರೆಗೂ ಬಿಡಲ್ಲ. ಹಾಗಾಗಿ ಇವತ್ತು ತೂಕಡಿಸ್ತಿದೆ ಅಂದರೆ ಕಾಯಿಲೆ ಶುರುವಾಗಿ ಎರಡು ಮೂರು ದಿನ ಆಗಿರಬಹುದು. "ನಾಳೆ ನೋಡೋಣ" ಅನ್ನೋಕೆ ಸಮಯ ಇರಲ್ಲ.

ಮೊದಲು ಬೇರೆ ಮಾಡಿ

ಮಿಕ್ಕ ಕೋಳಿಗಳಿಂದ ದೂರ, ಗಾಳಿ ಹೊಡೆಯದ, ನೆರಳಿರುವ ಜಾಗದಲ್ಲಿ ಇಡಿ. ದೊಡ್ಡ ರಟ್ಟಿನ ಪೆಟ್ಟಿಗೆ ಸಾಕು, ಗಾಳಿಯಾಡಲು ತೂತು ಮಾಡಿ. ಕೆಳಗೆ ಹಳೇ ಪೇಪರ್ ಹಾಸಿ, ಭತ್ತದ ಹೊಟ್ಟು ಬೇಡ. ಯಾಕೆ ಅಂದರೆ ಮುಂದಿನ ಕೆಲವು ಗಂಟೆ ಅದರ ಹಿಕ್ಕೆಯ ಬಣ್ಣ ನಮಗೆ ಕಾಣಬೇಕು. ನೀರಿನ ಬಟ್ಟಲು, ಕಾಳಿನ ತಟ್ಟೆ ಬೇರೆಯೇ ಇರಲಿ.

ಮನೆಯಲ್ಲಿ ಕೋಳಿ ನೋಡಿಕೊಳ್ಳೋರು ಯಾರೇ ಆಗಲಿ, ಮೊದಲು ಆರೋಗ್ಯವಾಗಿರೋ ಕೋಳಿಗಳಿಗೆ ನೀರು, ಮೇವು ಕೊಟ್ಟು, ಕೊನೆಗೆ ಈ ಹುಂಜದ ಹತ್ತಿರ ಹೋಗಬೇಕು. ತಿರುಗುಮುರುಗಾದರೆ ಕೈಯಲ್ಲಿ, ಚಪ್ಪಲಿಯಲ್ಲಿ ರೋಗ ನೀವೇ ಹೊತ್ತುಕೊಂಡು ಹೋದ ಹಾಗೆ. ಆಮೇಲೆ ಕೈಗೆ ಸೋಪು. ಮಕ್ಕಳನ್ನ ಹತ್ತಿರ ಬಿಡಬೇಡಿ.

ಹಿಡಿಯೋಕೆ ಮುಂಚೆ ಒಂದು ನಿಮಿಷ ವಿಡಿಯೊ

ಕೈಯಲ್ಲಿ ಫೋನ್ ಇದೆಯಲ್ಲ, ಅದು ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತೆ. ಹುಂಜವನ್ನ ಹಿಡಿದ ತಕ್ಷಣ ಗಾಬರಿಯಿಂದ ಉಸಿರಾಟ ಬದಲಾಗುತ್ತೆ, ನಿಲ್ಲುವ ಭಂಗಿ ಬದಲಾಗುತ್ತೆ. ಅದಕ್ಕೇ ಮುಟ್ಟೋಕೆ ಮೊದಲು ಎರಡು ಮಾರು ದೂರದಲ್ಲಿ ಕೂತು ಒಂದು ನಿಮಿಷ ವಿಡಿಯೊ ಮಾಡಿ. ಬಾಯಿ ತೆರೆದು ಉಸಿರಾಡ್ತಿದೆಯಾ? ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡ್ತಿದೆಯಾ? ಕತ್ತು ಒಂದು ಕಡೆ ತಿರುಚಿದೆಯಾ? ಒಂದು ಕಾಲು ಎಳೀತಿದೆಯಾ? ಪಶುವೈದ್ಯರಿಗೆ ಫೋನ್‌ನಲ್ಲಿ "ಸಾರ್, ಹುಂಜ ಡಲ್ ಆಗಿದೆ" ಅಂದರೆ ಅವರಿಗೆ ಏನೂ ಗೊತ್ತಾಗಲ್ಲ. ಈ ವಿಡಿಯೊ, ಹಿಕ್ಕೆಯ ಒಂದು ಫೋಟೊ, ಲಸಿಕೆ ಯಾವಾಗ ಹಾಕಿಸಿದ್ದು ಅನ್ನೋ ತಾರೀಖು, ಇಷ್ಟು ಕಳಿಸಿದರೆ ಅರ್ಧ ಕೆಲಸ ಆಯ್ತು.

ಈಗ ಕೈಗೆತ್ತಿಕೊಳ್ಳಿ

ಎರಡು ರೆಕ್ಕೆ ಸೇರಿಸಿ ಮೈಗೆ ಒತ್ತಿ ಹಿಡಿದು, ಕಂಕುಳಲ್ಲಿ ಇಟ್ಟುಕೊಳ್ಳಿ. ಕಾಲು ಕಟ್ಟಿ ತಲೆಕೆಳಗೆ ನೇತಾಡಿಸೋದು ಬೇಡ. ಉಸಿರಾಟದ ತೊಂದರೆ ಇರೋ ಕೋಳಿಯನ್ನ ಹಾಗೆ ಹಿಡಿದರೆ ಕೈಯಲ್ಲೇ ಸಾಯಬಹುದು.

"ಮೈ ಸುಡ್ತಿದೆ, ಜ್ವರ ಇದೆ" ಅಂತ ತೀರ್ಮಾನ ಮಾಡಬೇಡಿ. ಕೋಳಿಯ ಮೈಬಿಸಿ ಸಹಜವಾಗಿಯೇ 41ರಿಂದ 42 ಡಿಗ್ರಿ ಸೆಲ್ಸಿಯಸ್. ನಮ್ಮ ಕೈಗೆ ಅದು ಯಾವಾಗಲೂ ಸುಡುತ್ತೆ.

ತಲೆಯಿಂದ ಶುರು ಮಾಡಿ. ಜುಟ್ಟಿನ ಬಣ್ಣ ನೋಡಿ. ಕಡುಗೆಂಪಾಗಿದ್ದದ್ದು ಬಿಳಿಚಿಕೊಂಡಿದ್ದರೆ ರಕ್ತ ಕಮ್ಮಿಯಾಗಿದೆ, ಜಂತುಹುಳ, ಉಣ್ಣೆ, ನುಸಿ ಇವುಗಳ ಮೇಲೆ ಅನುಮಾನ. ನೀಲಿ ಅಥವಾ ಕಪ್ಪು ತಿರುಗಿದ್ದರೆ ಉಸಿರು, ರಕ್ತಸಂಚಾರ ಕೆಟ್ಟಿದೆ, ಇದು ಅಪಾಯದ ಗುರುತು. ಮುಖ ಊದಿ, ಕಣ್ಣು ಮುಚ್ಚಿಹೋಗಿ, ಮೂಗಿನಿಂದ ಕೆಟ್ಟ ವಾಸನೆಯ ಸಿಂಬಳ ಬರ್ತಿದ್ದರೆ ಅದು ಕೋರೈಜಾ ಇರಬಹುದು. ಬಾಯಿ ಬಿಡಿಸಿ ಟಾರ್ಚ್ ಹಾಕಿ. ಒಳಗೆ ಹಳದಿ ಪೊರೆ, ಗೆಣ್ಣಿನಂಥ ಗಡ್ಡೆ ಕಂಡರೆ ಸಿಡುಬಿನ ಒಳರೂಪ ಇರಬಹುದು. ಜುಟ್ಟು, ಕಣ್ಣಿನ ಸುತ್ತ ಕಪ್ಪು ಹಕ್ಕಳೆಗಳಿದ್ದರೆ ಅದು ಸಿಡುಬಿನ ಹೊರರೂಪ. ಆದರೆ ಹುಂಜಗಳು ಕಾದಾಡಿದಾಗಲೂ ಜುಟ್ಟಿನ ಮೇಲೆ ಹಕ್ಕಳೆ ಬರುತ್ತೆ, ಗಾಬರಿ ಬೀಳೋಕೆ ಮುಂಚೆ ಪಕ್ಕದ ಮನೆ ಹುಂಜದ ಮುಖವನ್ನೂ ಒಮ್ಮೆ ನೋಡಿ ಬನ್ನಿ!

ಕತ್ತಿನ ಬುಡದಲ್ಲಿ, ಎದೆಯ ಮೇಲೆ ಮುಟ್ಟಿದರೆ ಕಾಳು ತುಂಬಿಕೊಳ್ಳುವ ಚೀಲ ಸಿಗುತ್ತೆ. ರಾತ್ರಿ ತುಂಬಿರಬೇಕು, ಬೆಳಿಗ್ಗೆ ಖಾಲಿಯಾಗಿರಬೇಕು. ಬೆಳಿಗ್ಗೆ ಕೂಡ ಹಿಟ್ಟಿನ ಉಂಡೆ ಥರ ಗಟ್ಟಿಯಾಗಿ ತುಂಬಿದ್ದರೆ ಒಳಗೆ ಏನೋ ಸಿಕ್ಕಿಕೊಂಡಿದೆ. ಉದ್ದನೆಯ ಹುಲ್ಲು, ಗೋಣಿಚೀಲದ ದಾರ, ಪ್ಲಾಸ್ಟಿಕ್, ತಿಪ್ಪೆಯಲ್ಲಿ ಈಗ ಏನಿಲ್ಲ ಹೇಳಿ. ಒಂದು ಚಮಚದಷ್ಟು ಅಡುಗೆ ಎಣ್ಣೆಯನ್ನ ಕೊಕ್ಕಿನ ಪಕ್ಕದಿಂದ ತೊಟ್ಟು ತೊಟ್ಟಾಗಿ ಕೊಟ್ಟು, ಆ ಚೀಲವನ್ನ ಹೊರಗಿನಿಂದ ಮೆಲ್ಲಗೆ ನೀವಬಹುದು. ತಲೆಕೆಳಗು ಮಾಡಿ ಹಿಂಡಿ ವಾಂತಿ ಮಾಡಿಸೋ ವಿಡಿಯೊಗಳು ಫೋನಲ್ಲಿ ಓಡಾಡ್ತಿವೆ, ಅದನ್ನ ಮಾಡಬೇಡಿ. ಒಳಗಿನದ್ದು ಶ್ವಾಸನಾಳಕ್ಕೆ ನುಗ್ಗುತ್ತೆ. ಒಂದು ದಿನದಲ್ಲಿ ಕರಗದಿದ್ದರೆ ಪಶುವೈದ್ಯರು ಸಣ್ಣದಾಗಿ ಕೊಯ್ದು ತೆಗೀತಾರೆ.

ಆಮೇಲೆ ಎದೆಮೂಳೆ. ಬೆರಳಾಡಿಸಿದರೆ ಎರಡೂ ಕಡೆ ಮಾಂಸ ತುಂಬಿ, ನಡುವೆ ಮೂಳೆಯ ಅಂಚು ಸ್ವಲ್ಪ ತಾಗಬೇಕು. ಚಾಕುವಿನ ಬಾಯಿಯ ಹಾಗೆ ಚೂಪಾಗಿ ಎದ್ದಿದ್ದರೆ ಈ ಹುಂಜ ವಾರಗಟ್ಟಲೆಯಿಂದ ಸೊರಗಿದೆ. ಪುಕ್ಕ ತುಂಬಿರೋದರಿಂದ ಕಣ್ಣಿಗೆ ಕಾಣಲ್ಲ, ಬೆರಳಿಗೆ ಮಾತ್ರ ಗೊತ್ತಾಗೋದು. ಇದೊಂದು ಬಹಳ ದೊಡ್ಡ ಸುಳಿವು: ಮೈ ತುಂಬಿಕೊಂಡಿದ್ದ ಹುಂಜ ದಿಢೀರ್ ಅಂತ ಮಂಕಾದರೆ ಅಂಟುರೋಗ, ವಿಷ ಅಥವಾ ಪೆಟ್ಟಿನ ಕಡೆ ಯೋಚಿಸಿ. ಮೂಳೆ ಎದ್ದ ಹುಂಜ ಮಂಕಾಗಿದ್ದರೆ ಹುಳ, ಉಣ್ಣೆ, ಹಳೇ ಕಾಯಿಲೆ ಕಡೆ ಯೋಚಿಸಿ.

ರೆಕ್ಕೆಯ ಕೆಳಗೆ, ಗುದದ ಸುತ್ತ ಪುಕ್ಕ ಸರಿಸಿ ಹೇನು ಹುಡುಕಿ. ಕೊನೆಗೆ ಅಂಗಾಲು. ಭಾರದ ಹುಂಜ ಎತ್ತರದಿಂದ ಧುಮುಕಿ ಧುಮುಕಿ ಅಂಗಾಲಲ್ಲಿ ಕಪ್ಪು ಹಕ್ಕಳೆ, ಒಳಗೆ ಕೀವು ಆಗಿರುತ್ತೆ. ಇದು ಬೇರೆ ಕೋಳಿಗೆ ಅಂಟೋ ರೋಗ ಅಲ್ಲ. ಬೆಚ್ಚಗಿನ ಉಪ್ಪುನೀರಲ್ಲಿ ನೆನೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ, ಬಟ್ಟೆ ಸುತ್ತಿ, ಕೂರೋ ಕೋಲನ್ನ ಮೊಣಕಾಲೆತ್ತರಕ್ಕೆ ಇಳಿಸಿ. ಊತ ಹೆಚ್ಚಿದ್ದರೆ ವೈದ್ಯರೇ ನೋಡಬೇಕು. ಕಾಲಿನ ಪೊರೆಗಳು ಎದ್ದು ಸುಣ್ಣ ಮೆತ್ತಿದ ಹಾಗಿದ್ದರೆ ಅದೂ ಒಂದು ಜಾತಿಯ ನುಸಿ. ಕಾಲು ತೊಳೆದು ಒರೆಸಿ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲಿನ್‌ನನ್ನೋ ದಪ್ಪಗೆ, ಎರಡು ಮೂರು ವಾರ ಬಿಡದೆ ಹಚ್ಚಿದರೆ ನುಸಿ ಉಸಿರುಕಟ್ಟಿ ಸಾಯುತ್ತೆ.

ಹಿಕ್ಕೆ ಓದೋದು

ಸರಿಯಾದ ಹಿಕ್ಕೆ ಕಂದು ಬಣ್ಣದ್ದು, ಮೇಲೆ ಸುಣ್ಣದಂಥ ಬಿಳಿ ಟೋಪಿ. ಆ ಬಿಳಿಯೇ ಕೋಳಿಯ ಮೂತ್ರ. ಹತ್ತು ಸಲಕ್ಕೆ ಒಂದು ಸಲ ಅಂಟಂಟಾದ, ಕಡು ಕಂದು ಬಣ್ಣದ, ಕೆಟ್ಟ ವಾಸನೆಯ ಹಿಕ್ಕೆ ಹಾಕಿದರೆ ಅದೂ ಸಹಜವೇ, ಭೇದಿ ಅಲ್ಲ.

ಹಸಿರು ಹಿಕ್ಕೆ ಕಂಡ ತಕ್ಷಣ "ಕೊಕ್ಕರೆ ರೋಗ ಬಂತು" ಅಂತ ಊರೆಲ್ಲ ಕೂಗೋದನ್ನ ನೋಡ್ತೀವಿ. ಕೊಕ್ಕರೆ ರೋಗದಲ್ಲಿ ಹಸಿರು ಭೇದಿ ಆಗೋದು ನಿಜ. ಆದರೆ ಎರಡು ದಿನ ಏನೂ ತಿನ್ನದ ಯಾವ ಕೋಳಿಯಾದರೂ ಹಸಿರು ಹಿಕ್ಕೆಯನ್ನೇ ಹಾಕುತ್ತೆ, ಕರುಳಲ್ಲಿ ಮೇವಿಲ್ಲದೆ ಬರೀ ಪಿತ್ತ ಇಳಿಯೋದರಿಂದ. ಹಾಗಾಗಿ ಹಸಿರು ಹಿಕ್ಕೆ ಒಂದನ್ನೇ ಹಿಡಿದು ತೀರ್ಮಾನ ಬೇಡ. ಹಿಕ್ಕೆಯಲ್ಲಿ ಅಕ್ಕಿಕಾಳಿನಂಥ ಚಪ್ಪಟೆ ತುಣುಕುಗಳು ಇದ್ದರೆ ಲಾಡಿಹುಳ. ರಕ್ತ ಇದ್ದರೆ ರಕ್ತಭೇದಿ ಅನ್ನಬಹುದು, ಆದರೆ ಅದು ಮೂರರಿಂದ ಎಂಟು ವಾರದ ಮರಿಗಳ ಕಾಯಿಲೆ, ಬೆಳೆದ ಹುಂಜಕ್ಕೆ ಬರೋದು ಅಪರೂಪ.

ಕೊಕ್ಕರೆ ರೋಗವೇ ಆಗಿದ್ದರೆ

ಹಿತ್ತಲ ಕೋಳಿಯ ಅತಿ ದೊಡ್ಡ ಶತ್ರು ಇದೇ. ಪುಸ್ತಕದಲ್ಲಿ ರಾಣಿಖೇತ್ ರೋಗ ಅಂತ ಇರುತ್ತೆ. ಉತ್ತರಾಖಂಡದ ರಾಣಿಖೇತ್ ಊರಿನ ಹೆಸರು ಅದು, 1920ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿ ಅಲ್ಲಿ ಗುರುತಿಸಿದ್ದರಿಂದ ಆ ಹೆಸರು ಉಳೀತು. ಬೇರೆ ದೇಶಗಳಲ್ಲಿ ನ್ಯೂಕ್ಯಾಸಲ್ ರೋಗ ಅಂತಾರೆ.

ಲಸಿಕೆ ಕಾಣದ ಕೋಳಿಗಳ ಗುಂಪಿಗೆ ಇದು ಬಂದರೆ ಹತ್ತಕ್ಕೆ ಒಂಬತ್ತು ಹೋಗೋದೂ ಉಂಟು. ಮೊದಲು ತೂಕಡಿಕೆ, ಮೇವು ಬಿಡೋದು. ಆಮೇಲೆ ಗೊರಗೊರ ಉಸಿರು, ಬಾಯಿ ತೆರೆದು ಕತ್ತು ಚಾಚೋದು, ಹಸಿರು ನೀರುಭೇದಿ. ಬದುಕುಳಿದವಕ್ಕೆ ಕತ್ತು ತಿರುಚಿಕೊಳ್ಳೋದು, ಸುತ್ತು ತಿರುಗೋದು, ರೆಕ್ಕೆ ಅಥವಾ ಕಾಲು ಸ್ವಾಧೀನ ತಪ್ಪೋದು. ಸೋಂಕು ತಗುಲಿ ಸಾಮಾನ್ಯವಾಗಿ ಐದಾರು ದಿನಕ್ಕೆ ಲಕ್ಷಣ ಕಾಣುತ್ತೆ, ಎರಡು ವಾರವರೆಗೂ ಹೋಗಬಹುದು. ಅಂದರೆ ಹೋದ ಭಾನುವಾರ ಸಂತೆಯಿಂದ ತಂದ ಹೇಟೆ, ನಿನ್ನೆ ಜಾತ್ರೆಯಿಂದ ವಾಪಸ್ ಬಂದ ಹುಂಜ, ಇವೆಲ್ಲ ನೆನಪು ಮಾಡಿಕೊಳ್ಳಬೇಕು. ಬೇಸಿಗೆ ಶುರುವಿನ ಜಾತ್ರೆ, ಹಬ್ಬದ ದಿನಗಳಲ್ಲಿ ಕೋಳಿ ಕೈ ಬದಲಾಗೋದು ಜಾಸ್ತಿ, ರೋಗವೂ ಅದರ ಜೊತೆಗೇ ಊರೂರು ತಿರುಗುತ್ತೆ.

ನೇರವಾಗಿ ಹೇಳ್ತೀನಿ: ಇದಕ್ಕೆ ಔಷಧಿ ಇಲ್ಲ. ಇದು ವೈರಸ್. ಯಾವ ಆಂಟಿಬಯೋಟಿಕ್ ಕೊಟ್ಟರೂ ವೈರಸ್ ಸಾಯಲ್ಲ. ಅಂಗಡಿಯವರು "ಇದು ಹಾಕಿ, ನಿಲ್ಲುತ್ತೆ" ಅಂತ ಕೊಡೋ ಪುಡಿಗೆ ದುಡ್ಡು ಕೊಟ್ಟು ಬರಬೇಡಿ. ಬದುಕುವ ಕೋಳಿ ಆರೈಕೆಯಿಂದ ಬದುಕುತ್ತೆ, ಅಷ್ಟೇ.

ಉಳಿಸೋದು ಲಸಿಕೆ ಮಾತ್ರ. ಮರಿಗೆ 5ರಿಂದ 7 ದಿನ ಆದಾಗ ಕಣ್ಣಿಗೋ ಮೂಗಿಗೋ ಒಂದು ಹನಿ, ಎಫ್-1 ಅಥವಾ ಲಸೋಟಾ. ನಾಲ್ಕು ವಾರದ ಹೊತ್ತಿಗೆ ಲಸೋಟಾ ಇನ್ನೊಮ್ಮೆ. ಎಂಟು ವಾರದ ಹೊತ್ತಿಗೆ ಆರ್-2-ಬಿ ಚುಚ್ಚುಮದ್ದು, ರೆಕ್ಕೆಯ ಬುಡದಲ್ಲಿ ಚರ್ಮದಡಿ ಅರ್ಧ ಎಂ.ಎಲ್. ಅದಕ್ಕೆ ಒಂದು ವಾರ ಮುಂಚೆ ಜಂತು ಔಷಧಿ ಆಗಿರಬೇಕು. ಮತ್ತೆ ಯಾವಾಗ ಹಾಕಿಸಬೇಕು ಅನ್ನೋದನ್ನ ನಿಮ್ಮ ಭಾಗದ ಪಶುವೈದ್ಯರು ಹೇಳ್ತಾರೆ, ರೋಗ ಪದೇ ಪದೇ ಬರೋ ಊರಲ್ಲಿ ಬೇಗ ಬೇಗ ಹಾಕಿಸಬೇಕಾಗುತ್ತೆ. ಆರು ವಾರಕ್ಕಿಂತ ಚಿಕ್ಕ ಮರಿಗೆ, ಸೊರಗಿದ ಕೋಳಿಗೆ ಆರ್-2-ಬಿ ಬೇಡ.

ಇಲ್ಲಿ ಒಂದು ನಿಜವಾದ ತೊಡಕಿದೆ. ಲಸಿಕೆ ಬಾಟಲಿ ಬರೋದು 100, 200 ಡೋಸಿನ ಲೆಕ್ಕದಲ್ಲಿ. ನಿಮ್ಮಲ್ಲಿರೋದು ಎಂಟು ಕೋಳಿ. ಕಲಸಿದ ಲಸಿಕೆ ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನ ಫ್ರಿಜ್‌ನಲ್ಲಿಟ್ಟು ನಾಳೆ ಹಾಕೋ ಹಾಗಿಲ್ಲ. ಎಂಟು ಕೋಳಿಗೆ ನೂರು ಡೋಸ್ ಯಾಕೆ ಅಂತ ಎಲ್ಲರೂ ಸುಮ್ಮನಾಗಿಬಿಡೋದು ಇದೇ ಕಾರಣಕ್ಕೆ. ದಾರಿ ಒಂದೇ, ಬೀದಿಯ ಹತ್ತು ಮನೆ ಸೇರೋದು. ವಾಟ್ಸಾಪ್ ಗ್ರೂಪಲ್ಲಿ ಯಾರ ಮನೇಲಿ ಎಷ್ಟು ಕೋಳಿ ಅಂತ ಪಟ್ಟಿ ಮಾಡಿ, ಪಶು ಆಸ್ಪತ್ರೆಗೆ ಹೇಳಿ ಒಂದು ದಿನ ಗೊತ್ತು ಮಾಡಿ. ಸಂಜೆ ಗೂಡಿಗೆ ಸೇರಿದ ಮೇಲೆ ಹಾಕಿದರೆ ಕೋಳಿ ಅಟ್ಟಿಸಿಕೊಂಡು ಓಡೋ ಕೆಲಸ ಇಲ್ಲ. ಲಸಿಕೆ ತರೋದು ಐಸ್ ಹಾಕಿದ ಥರ್ಮಾಸ್‌ನಲ್ಲೇ. ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಬೆಂದ ಲಸಿಕೆ ಬರೀ ನೀರು. "ಲಸಿಕೆ ಹಾಕಿದರೂ ಸತ್ತವು" ಅನ್ನೋ ಎಷ್ಟೋ ದೂರುಗಳ ಹಿಂದೆ ಈ ಬಿಸಿಲು ಇರುತ್ತೆ.

ಈಗಾಗಲೇ ಬೀದಿಯಲ್ಲಿ ಕೋಳಿ ಸಾಯ್ತಿದ್ದರೆ, ಇನ್ನೂ ಚೆನ್ನಾಗಿರೋ ಕೋಳಿಗಳಿಗೆ ಹಾಕಿಸಬೇಕೋ ಬೇಡವೋ ವೈದ್ಯರನ್ನೇ ಕೇಳಿ. ಒಳಗೆ ರೋಗ ಹೊಕ್ಕ ಕೋಳಿಗೆ ಹಾಕಿದರೆ ಪ್ರಯೋಜನ ಇಲ್ಲ.

ಕೊಕ್ಕರೆ ರೋಗದ ಥರ ಕಾಣೋ, ಆದರೆ ಉಳಿಸಬಹುದಾದ ಕಾಯಿಲೆಗಳು

ಇದನ್ನ ಓದೋರಿಗೆ ಹೆಚ್ಚು ಉಪಯೋಗ ಆಗೋದು ಈ ಭಾಗ ಅಂತ ನನ್ನ ಭಾವನೆ. "ಕೊಕ್ಕರೆ ರೋಗ, ಇನ್ನೇನೂ ಮಾಡೋಕಾಗಲ್ಲ" ಅಂತ ಕೈಬಿಟ್ಟ ಹುಂಜಗಳಲ್ಲಿ ಕೆಲವಾದರೂ ಬದುಕೋ ಹುಂಜಗಳು.

ಉಣ್ಣೆಯಿಂದ ಶುರು ಮಾಡೋಣ. ಕೋಳಿ ಉಣ್ಣೆ ಹಗಲು ಮೈಮೇಲೆ ಇರಲ್ಲ. ಗೂಡಿನ ಹಲಗೆ ಸಂದಿ, ಗೋಡೆಯ ಬಿರುಕು, ಬಿದಿರಿನ ತೂತಲ್ಲಿ ಅಡಗಿರುತ್ತೆ. ರಾತ್ರಿ ಹೊರಬಂದು ರಕ್ತ ಹೀರಿ ಮತ್ತೆ ಸಂದಿ ಸೇರುತ್ತೆ. ಹಗಲು ಎಷ್ಟು ಹುಡುಕಿದರೂ ಕೋಳಿ ಮೈ ಸ್ವಚ್ಛ! ರಾತ್ರಿ ಹತ್ತರ ಮೇಲೆ ಫೋನಿನ ಟಾರ್ಚ್ ಹಾಕಿ ಗೂಡಿನ ಸಂದಿ, ಕೂರೋ ಕೋಲಿನ ತುದಿ, ಕೋಳಿಯ ಕಾಲು ನೋಡಿ, ಗೊತ್ತಾಗುತ್ತೆ. ರಕ್ತ ಹೀರೋದಲ್ಲದೆ ಇದು ಸ್ಪೈರೋಕೀಟ್ ಅನ್ನೋ ಜ್ವರವನ್ನೂ ಅಂಟಿಸುತ್ತೆ. ಆಗ ಹುಂಜ ತೂಕಡಿಸುತ್ತೆ, ಹಸಿರು ಭೇದಿ ಮಾಡುತ್ತೆ, ಕಾಲು ಸೋತು ಕೂರುತ್ತೆ. ನೋಡೋಕೆ ಥೇಟ್ ಕೊಕ್ಕರೆ ರೋಗ. ಆದರೆ ಇದು ಬ್ಯಾಕ್ಟೀರಿಯಾದಿಂದ ಬರೋದು. ಒಂದು ಹನಿ ರಕ್ತ ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಿಗುತ್ತೆ, ಪೆನಿಸಿಲಿನ್ ಚುಚ್ಚುಮದ್ದಿಗೆ ಬಗ್ಗುತ್ತೆ. ಗೂಡಲ್ಲಿ ಉಣ್ಣೆ ಕಂಡಿದ್ದರೆ ಅದನ್ನ ವೈದ್ಯರಿಗೆ ತಪ್ಪದೆ ಹೇಳಿ, ನೀವು ಹೇಳದಿದ್ದರೆ ಅವರಿಗೆ ಹೊಳೆಯದೇ ಹೋಗಬಹುದು.

ಹುಂಜಕ್ಕೆ ಔಷಧಿ ಕೊಟ್ಟು ಗೂಡು ಹಾಗೇ ಬಿಟ್ಟರೆ ಹತ್ತು ದಿನಕ್ಕೆ ಮತ್ತೆ ಅದೇ ಕಥೆ. ಉಣ್ಣೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಕೋಳಿ ಬೇರೆ ಕಡೆ ಇಟ್ಟು, ಹಳೇ ಹಲಗೆ, ಕುಕ್ಕೆ ಸುಟ್ಟು, ಸಂದಿಗಳಿಗೆ ಕುದಿಯೋ ನೀರು ಹೊಯ್ದು, ಬಿರುಕು ಮುಚ್ಚಿ ಸುಣ್ಣ ಬಳಿಯಿರಿ. ಸೈಪರ್‌ಮೆಥ್ರಿನ್ ಥರದ ಔಷಧಿ ಗೂಡಿಗೆ ಹೊಡೆಯೋದಾದರೆ ಪ್ರಮಾಣ ವೈದ್ಯರಿಂದಲೇ ಕೇಳಿ, ಒಣಗೋವರೆಗೆ ಕೋಳಿ ಬಿಡಬೇಡಿ. ಹೊಲಕ್ಕೆ ಹೊಡೆಯೋ ಕೀಟನಾಶಕವನ್ನ ಹುಂಜದ ಮೈಗೆ ಸವರೋದು ಮಾತ್ರ ಯಾವತ್ತೂ ಬೇಡ.

ಕತ್ತಿನ ವಿಷಯ. ಕೊಕ್ಕರೆ ರೋಗದಲ್ಲಿ ಕತ್ತು ತಿರುಚಿಕೊಂಡು ಬಿಗಿಯಾಗಿರುತ್ತೆ. ಕತ್ತು ತಿರುಚದೆ, ಒದ್ದೆ ಬಟ್ಟೆಯ ಹಾಗೆ ಜೋತು ನೆಲಕ್ಕೆ ತಾಗ್ತಿದ್ದರೆ ಅದು ಬೇರೆ. ಸತ್ತ ಇಲಿ, ಕೊಳೆತ ಹೆಣದ ಮೇಲಿನ ಹುಳು ತಿಂದಾಗ ಆಗೋ ವಿಷ ಅದು. ಹೆಣ ಎಲ್ಲಿದೆ ಅಂತ ಹುಡುಕಿ ಹೂಳಿ, ಇಲ್ಲದಿದ್ದರೆ ಮಿಕ್ಕವೂ ತಿಂತವೆ. ಹಾಗೇ ಬೀಜೋಪಚಾರ ಮಾಡಿದ ಕಾಳು, ಇಲಿ ಪಾಷಾಣ, ಆಗತಾನೇ ಔಷಧಿ ಹೊಡೆದ ತೊಗರಿ ಸಾಲು ಇವನ್ನೂ ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಚೆನ್ನಾಗಿದ್ದ ನಾಲ್ಕು ಕೋಳಿ ಮಧ್ಯಾಹ್ನ ಒಟ್ಟಿಗೆ ಬಿದ್ದರೆ, ಚೀಲದ ತುಂಬ ಕಾಳಿದ್ದರೆ, ವಿಷದ ಅನುಮಾನವೇ ಮೊದಲು.

ಗೊರಗೊರ ಉಸಿರಿಗೆ ಮೈಕೋಪ್ಲಾಸ್ಮಾದಿಂದ ಬರೋ ಹಳೇ ನೆಗಡಿಯೂ ಕಾರಣ ಆಗುತ್ತೆ. ಇದು ನಿಧಾನದ ಕಾಯಿಲೆ. ಹುಂಜ ತಿನ್ನುತ್ತೆ, ಓಡಾಡುತ್ತೆ, ಕೂಗೋ ದನಿ ಮಾತ್ರ ಒಡೆದಿರುತ್ತೆ. ರಾತ್ರಿ ಗೂಡಿಗೆ ಕಿವಿ ಕೊಟ್ಟರೆ ಗೊರಕೆ ಕೇಳುತ್ತೆ. ಇದಕ್ಕೂ ಕೋರೈಜಾಕ್ಕೂ ಆಂಟಿಬಯೋಟಿಕ್ ಕೆಲಸ ಮಾಡುತ್ತೆ, ಟೈಲೋಸಿನ್, ಡಾಕ್ಸಿಸೈಕ್ಲಿನ್ ಥರದ್ದನ್ನ ವೈದ್ಯರು ಬರೀತಾರೆ. ಆದರೆ ಗುಣವಾದ ಮೇಲೂ ರೋಗಾಣು ಒಳಗೆ ಉಳಿದು ಬೇರೆ ಕೋಳಿಗೆ ದಾಟುತ್ತೆ. ಅಂಥ ಹುಂಜವನ್ನ ತಳಿಗೆ ಇಟ್ಟುಕೊಳ್ಳಬೇಡಿ, ಮೈಕೋಪ್ಲಾಸ್ಮಾ ಮೊಟ್ಟೆಯ ಮೂಲಕ ಮರಿಗೂ ಹೋಗುತ್ತೆ.

ಸಿಡುಬಿಗೂ ಔಷಧಿ ಇಲ್ಲ, ಆದರೆ ಹೊರಗಿನ ಸಿಡುಬು ಮೂರು ನಾಲ್ಕು ವಾರದಲ್ಲಿ ತಾನಾಗೇ ಇಳಿಯುತ್ತೆ. ಹಕ್ಕಳೆ ಕಿತ್ತು ರಕ್ತ ಬರಿಸಬೇಡಿ, ಅಯೋಡಿನ್ ಹಚ್ಚಿ. ಕಣ್ಣು ಮುಚ್ಚಿಹೋಗಿದ್ದರೆ ದಿನಾ ಉಗುರುಬೆಚ್ಚಗಿನ ನೀರಲ್ಲಿ ಒರೆಸಿ ಬಿಡಿಸಿ. ಎಷ್ಟೋ ಕೋಳಿ ಸಿಡುಬಿನಿಂದ ಅಲ್ಲ, ಕಣ್ಣು ಕಾಣದೆ ಹಸಿವಿಂದ ಸಾಯ್ತವೆ. ಸೊಳ್ಳೆ ಇದನ್ನ ಹರಡುತ್ತೆ, ಗೂಡಿನ ಸುತ್ತ ನೀರು ನಿಲ್ಲಿಸಬೇಡಿ.

ಜಂತುಹುಳಕ್ಕೆ ಎರಡು ಮೂರು ತಿಂಗಳಿಗೊಮ್ಮೆ ಔಷಧಿ ಸಾಕು. ಪೈಪರಾಜಿನ್ ದುಂಡುಹುಳಕ್ಕೆ ಮಾತ್ರ, ಲಾಡಿಹುಳಕ್ಕೆ ಆಗಲ್ಲ.

ಆರೈಕೆ ಹೇಗೆ

ಯಾವ ಕಾಯಿಲೆಯೇ ಇರಲಿ, ವೈದ್ಯರು ಸಿಗೋವರೆಗೆ ಮಾಡಬೇಕಾದ್ದು ಮೂರು: ಬೆಚ್ಚಗಿಡೋದು, ನೀರು ಕುಡಿಸೋದು, ಸ್ವಲ್ಪವಾದರೂ ತಿನ್ನಿಸೋದು. ಪೆಟ್ಟಿಗೆಯ ಒಂದು ಬದಿಗೆ ಬಲ್ಬ್ ಹಾಕಿ, ಸೆಕೆಯಾದರೆ ಇನ್ನೊಂದು ಬದಿಗೆ ಹೋಗಲು ಜಾಗ ಇರಲಿ. ಬೇಸಿಗೆ ಹಗಲಿನಲ್ಲಿ ಬಲ್ಬ್ ಬೇಡ. ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಒಂದೆರಡು ದಿನ ಕೊಡಬಹುದು. ದಿನಾ ಹೊಸದಾಗಿ ಕಲಸಿ. ತಿನ್ನೋಕೆ ನೆನೆಸಿದ ನುಚ್ಚು, ಮೆತ್ತಗಿನ ರಾಗಿ ಮುದ್ದೆಯ ಸಣ್ಣ ಉಂಡೆ, ಬೇಯಿಸಿದ ಮೊಟ್ಟೆ.

ಕುಡಿಸುವಾಗ ಜೋಪಾನ. ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತೆ. ಬಾಯಿ ಬಿಡಿಸಿ ನೀರು ಸುರಿದರೆ ನೇರ ಅಲ್ಲಿಗೇ ಹೋಗುತ್ತೆ. ಕೊಕ್ಕಿನ ಪಕ್ಕಕ್ಕೆ ಒಂದು ಹನಿ ಇಡಿ, ಅದು ನುಂಗಲಿ, ಆಮೇಲೆ ಇನ್ನೊಂದು ಹನಿ. ತಲೆ ಎತ್ತಲಾಗದೆ ಬಿದ್ದಿರೋ ಹುಂಜಕ್ಕೆ ಏನೂ ಕುಡಿಸಬೇಡಿ. ಬೆಳ್ಳುಳ್ಳಿ, ಅರಿಶಿನ ಸ್ವಲ್ಪ ಕೊಡೋದರಿಂದ ತೊಂದರೆ ಇಲ್ಲ. ಅದನ್ನೇ ನಂಬಿ ಮೂರು ದಿನ ಕಾಯೋದರಿಂದ ತೊಂದರೆ.

ಇನ್ನು ಮನುಷ್ಯರ ಕ್ಯಾಪ್ಸೂಲ್. 60 ಕೆ.ಜಿ. ಮನುಷ್ಯನಿಗೆ ಮಾಡಿದ್ದನ್ನ ಎರಡೂವರೆ ಕೆ.ಜಿ. ಹುಂಜಕ್ಕೆ ಕಣ್ಣಂದಾಜಲ್ಲಿ ಹಾಕಿದರೆ ಒಂದೋ ಜಾಸ್ತಿ, ಒಂದೋ ಕಮ್ಮಿ. ಕಮ್ಮಿಯಾದರೆ ರೋಗಾಣು ಸಾಯೋ ಬದಲು ಔಷಧಿಗೆ ಪಳಗುತ್ತೆ. ಅದೇ ರೋಗಾಣು ನಾಳೆ ನಮ್ಮ ಮಕ್ಕಳ ಮೈಸೇರಿದರೆ ಆಸ್ಪತ್ರೆಯ ಔಷಧಿಯೂ ನಾಟಲ್ಲ. ಇದೇ ಭಯಕ್ಕೆ 2019ರಲ್ಲಿ ಕೇಂದ್ರ ಸರ್ಕಾರ ಕೋಳಿ, ದನಗಳಿಗೆ ಕೊಲಿಸ್ಟಿನ್ ಅನ್ನೋ ಔಷಧಿ ಕೊಡೋದನ್ನೇ ನಿಷೇಧಿಸಿತು. ಹುಂಜವನ್ನ ತಕ್ಕಡಿಯಲ್ಲಿ ತೂಗಿ, ತೂಕ ವೈದ್ಯರಿಗೆ ಹೇಳಿ, ಅವರು ಬರೆದಷ್ಟು ದಿನ ಪೂರ್ತಿ ಕೊಡಿ. ಕೊನೆಯ ಡೋಸ್ ಆದಮೇಲೆ ಎಷ್ಟು ದಿನ ಮಾಂಸ ತಿನ್ನಬಾರದು ಅನ್ನೋದೂ ಔಷಧಿಯ ಚೀಟಿಯಲ್ಲಿ ಇರುತ್ತೆ, ಕೇಳಿ ಬರೆದಿಟ್ಟುಕೊಳ್ಳಿ.

ಒಂದಕ್ಕಿಂತ ಹೆಚ್ಚು ಸತ್ತರೆ

ಎರಡು ಮೂರು ದಿನದಲ್ಲಿ ಎರಡನೇ ಕೋಳಿ ಸತ್ತರೆ, ಅಥವಾ ಲಕ್ಷಣವೇ ಇಲ್ಲದೆ ದಿಢೀರ್ ಸತ್ತರೆ, ಮುಖ ಊದಿ ಜುಟ್ಟು ನೀಲಿಯಾಗಿದ್ದರೆ, ಕೊಯ್ಯಬೇಡಿ, ಮಾರಬೇಡಿ, ಯಾರಿಗೂ ಕೊಡಬೇಡಿ. ಕೊಕ್ಕರೆ ರೋಗಕ್ಕೂ ಹಕ್ಕಿಜ್ವರಕ್ಕೂ ಮೇಲ್ನೋಟಕ್ಕೆ ವ್ಯತ್ಯಾಸ ಗೊತ್ತಾಗಲ್ಲ, ಪ್ರಯೋಗಾಲಯವೇ ಹೇಳಬೇಕು. ಹಕ್ಕಿಜ್ವರ ನಮ್ಮ ರಾಜ್ಯಕ್ಕೆ ಹೊಸದಲ್ಲ. 2012ರಲ್ಲಿ ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಕಂಡಿದೆ. ಅದು ಮನುಷ್ಯರಿಗೂ ಬರುತ್ತೆ, ಹೆಚ್ಚಾಗಿ ಬರೋದು ಕಾಯಿಲೆ ಕೋಳಿಯನ್ನ ಕೊಯ್ದು, ಪುಕ್ಕ ತರಿದವರಿಗೆ.

ಹತ್ತಿರದ ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಫೋನ್ ಮಾಡಿ. ಮೂಗು ಬಾಯಿಗೆ ಮಾಸ್ಕ್, ಕೈಗೆ ಪ್ಲಾಸ್ಟಿಕ್ ಚೀಲ ಹಾಕದೆ ಸತ್ತ ಕೋಳಿ ಮುಟ್ಟಬೇಡಿ. ಅವರು ಪರೀಕ್ಷೆಗೆ ಕೇಳಿದರೆ, ಆಗತಾನೇ ಸತ್ತದ್ದನ್ನ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ, ಐಸ್ ಇರೋ ಡಬ್ಬದಲ್ಲಿಟ್ಟು ಅವರು ಹೇಳಿದ ಕಡೆ ತಲುಪಿಸಿ. ಫ್ರೀಜರಿನಲ್ಲಿ ಇಟ್ಟು ಕಲ್ಲು ಮಾಡಬೇಡಿ, ಒಳಗಿನ ಅಂಗ ನೋಡೋಕೆ ಆಗಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇದೆ, ರೋಗ ಪತ್ತೆ ಅಲ್ಲಿ ಆಗುತ್ತೆ. ಕೇಳದೇ ಇದ್ದರೆ ನಾಯಿ ಕೆದರದಷ್ಟು ಆಳದ ಗುಂಡಿ, ಬಾವಿಯಿಂದ ದೂರ, ಮೇಲೆ ಸುಣ್ಣ. ಕೆರೆಗೆ, ಮೋರಿಗೆ ಎಸೆದರೆ ಕಾಗೆ, ನಾಯಿ ಅದನ್ನ ಪಕ್ಕದೂರಿಗೆ ಒಯ್ಯುತ್ತವೆ.

ಹುಂಜ ಬದುಕಿದರೆ, ಮತ್ತೆ ಕೂಗಿದ ದಿನವೇ ಗುಂಪಿಗೆ ಬಿಡಬೇಡಿ. ಎಲ್ಲ ಲಕ್ಷಣ ಹೋದಮೇಲೆ ಇನ್ನೂ ಎರಡು ವಾರ ಬೇರೆಯೇ ಇರಲಿ. ಬಿಡುವಾಗ ಸಂಜೆ, ಗೂಡು ಸೇರೋ ಹೊತ್ತಿಗೆ ಬಿಡಿ, ಹಗಲಲ್ಲಿ ಬಿಟ್ಟರೆ ಅಷ್ಟರಲ್ಲಿ ಯಜಮಾನಿಕೆ ಹಿಡಿದಿರೋ ಇನ್ನೊಂದು ಹುಂಜ ಇದನ್ನ ಅಟ್ಟಾಡಿಸಿ ಹೊಡೆಯುತ್ತೆ. ಸಂತೆಯಿಂದ ತರೋ ಹೊಸ ಕೋಳಿಗೂ ಇದೇ ಲೆಕ್ಕ, ಎಷ್ಟೇ ಚೆನ್ನಾಗಿ ಕಂಡರೂ ಎರಡು ಮೂರು ವಾರ ಬೇರೆ ಕುಕ್ಕೆಯಡಿ. ಆ ದಿನಗಳಲ್ಲಿ ಅದರ ಹಿಕ್ಕೆ, ಜುಟ್ಟು ನೋಡಿಕೊಂಡು, ಜಂತು ಔಷಧಿ, ಲಸಿಕೆ ಎರಡನ್ನೂ ಮುಗಿಸಿಕೊಳ್ಳಬಹುದು.